ಡಬ್ಬಿಗೊಬ್ಬ ಯಜಮಾನ, ಸಾಲಕ್ಕೊಬ್ಬ ಜಾಮೀನು

ತನಗೆ ತಾನೇ ಸಾಲ ಕೊಟ್ಟು, ಆ ಸಾಲಕ್ಕೆ ತಾನೇ ಬಡ್ಡಿ ಹಾಕಿ, ಬಡ್ಡಿ ಕಟ್ಟಲಾಗದೆ ತನ್ನ ಹೋಟೆಲಿಗೆ ತಾನೇ ಹಿಂಬಾಗಿಲಿನಿಂದ ಕದ್ದು ಬರುತ್ತಿದ್ದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಮನೆಯಲ್ಲೇ ಇದ್ದು ಅನ್ನ ತಿಂದಿದ್ದೇನೆ! ಅವರು ನನ್ನ ಸೋದರಮಾವ.

ತೊಂಬತ್ತರ ದಶಕದ ಕೊನೆಯ ಮಾತು. ಚಳ್ಳಕೆರೆಯ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಬಾಡಿಗೆಗೆ ಒಂದು ರೂಮು ನೋಡಿ ಅಂತ ಮಾವನಿಗೆ ಹೇಳಿದ್ದಕ್ಕೆ, "ಯಾಕೆ, ನಾನು ಬದುಕಿರೋದು ಕಾಣಲ್ವಾ?" ಅಂತ ಗದರಿ, ನನ್ನ ಟ್ರಂಕನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಕರೆದೊಯ್ದರು. ಮನೆ ತಲುಪಿ ಆಟೋದವನಿಗೆ ದುಡ್ಡು ಕೊಡಬೇಕಾದಾಗ ಮಾತ್ರ ಹತ್ತು ನಿಮಿಷ ಯೋಚನೆ ಮಾಡಿದರು. ಅದನ್ನು ಯಾವ ಡಬ್ಬಿಯಿಂದ ಕೊಡಬೇಕು ಅಂತ ತೀರ್ಮಾನವಾಗಿರಲಿಲ್ಲವಂತೆ!

ಡಬ್ಬಿಯ ವಿಷಯ ಹೇಳಿಬಿಡುತ್ತೇನೆ. ಶೇಂಗಾ ಮಾರುಕಟ್ಟೆಯ ಗೇಟಿನ ಎದುರು ಮಾವನದೊಂದು ಪುಟ್ಟ ಹೋಟೆಲು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಾ. ಇಷ್ಟೇ. ಗಲ್ಲಾದ ಹಿಂದಿನ ಹಲಗೆಯ ಮೇಲೆ ಸಾಲಾಗಿ ಡಬ್ಬಿಗಳು. ದಿನದ ವ್ಯಾಪಾರ ಮುಗಿದ ಮೇಲೆ ಬಂದ ದುಡ್ಡೆಲ್ಲ ಪಾಲಾಗಿ ಅವುಗಳೊಳಗೆ ಹೋಗಬೇಕು. ಎಣ್ಣೆ, ಹಿಟ್ಟಿಗೆ ದೊಡ್ಡ ಡಬ್ಬಿ. ಕೂಲಿಗೊಂದು. ಬಾಡಿಗೆಗೊಂದು. ಒಡೆದ ಲೋಟಗಳಿಗೊಂದು. ಕೊನೆಯಲ್ಲಿ, ಅಂಗೈಯಲ್ಲಿ ಮುಚ್ಚಬಹುದಾದ ಒಂದು ಇಂಗಿನ ಡಬ್ಬಿ. ಅದು ಲಾಭದ್ದು! "ಅಷ್ಟು ಸಣ್ಣದ್ಯಾಕೆ ಮಾವ?" ಅಂದರೆ, "ತುಂಬಿದ ದಿನ ದೊಡ್ಡದು ತರ್ತೀನಿ ಬಿಡಮ್ಮ" ಅನ್ನುತ್ತಿದ್ದರು. ನಾನಿದ್ದಷ್ಟು ಕಾಲ ಆ ಡಬ್ಬಿ ಬದಲಾಗಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮ ಮಾವ ಒಂದೊಂದು ಕಾಲಿಗೂ ಬೇರೆ ಬೇರೆ ಹಾಸಿಗೆ ಹಾಸಿ, ಆ ಕಾಲು ಈ ಹಾಸಿಗೆಗೆ ಬರದಂತೆ ಕಾವಲು ಇಟ್ಟವರು. ಹೌದು, ಡಬ್ಬಿಗೊಬ್ಬ ಯಜಮಾನ! ಎಣ್ಣೆ ಡಬ್ಬಿಗೆ ಅತ್ತೆ. ಕೂಲಿ ಡಬ್ಬಿಗೆ ಬಜ್ಜಿ ಕರಿಯುವ ಖಾದರ್ ಭಾಯ್. ಒಡೆದ ಲೋಟದ ಡಬ್ಬಿ ನನ್ನ ಪಾಲಿಗೆ ಬಂತು. ಬಾಡಿಗೆ ಮತ್ತು ಲಾಭ ಮಾವನವೇ. ಯಜಮಾನರು ಒಪ್ಪದೆ ಡಬ್ಬಿಯಿಂದ ಒಂದು ಕಾಸು ಎತ್ತುವಂತಿಲ್ಲ, ಮಾವ ಕೂಡ. ಲೋಟ ಒಡೆಯಿತು ಅಂತ ದುಡ್ಡು ಕೇಳಿದರೆ ನಾನು "ಚೂರು ತೋರಿಸಿ" ಅನ್ನುತ್ತಿದ್ದೆ. ಮೊದಲ ಸಲ ಹಾಗಂದಾಗ ಮಾವನ ಕಣ್ಣಲ್ಲಿ ಹೆಮ್ಮೆ ಕಂಡಿತು. ನಾನು ಬಿ.ಎಡ್. ಮುಗಿಸಿದಾಗಲೂ ಅವರು ಅಷ್ಟು ಹೆಮ್ಮೆಪಟ್ಟಿರಲಿಲ್ಲ.

ಚಾ ವಿಷಯದಲ್ಲಂತೂ ಕೇಳಲೇಬೇಡಿ. ಬಿಟ್ಟಿ ಚಾ ಯಾರಿಗೂ ಇಲ್ಲ. ಬೀಗರು ಬಂದರೂ ಇಲ್ಲ. ತಾನು ಕುಡಿದರೂ ಜೇಬಿನಿಂದ ಕಾಸು ತೆಗೆದು ಗಲ್ಲಾಕ್ಕೆ ಹಾಕಿ, ಚಿಲ್ಲರೆ ಇಲ್ಲದಿದ್ದರೆ ತನ್ನ ಮೇಲೆ ತಾನೇ ಸಿಡುಕುತ್ತಿದ್ದರು.

ಭಾನುವಾರ ಮಧ್ಯಾಹ್ನ ಹೋಟೆಲಿಗೆ ರಜೆ, ಡಬ್ಬಿಗಳನ್ನೆಲ್ಲ ಮನೆಗೆ ತಂದು ನಡುಮನೆಯಲ್ಲಿ ಬಜೆಟ್ಟು. ಮಾವ ಬಜ್ಜಿಯ ಜಾಲರಿ ಸೌಟಿನಿಂದ ತಟ್ಟೆ ಬಾರಿಸಿದರೆ ಸಭೆ ಶುರು. ಒಂದು ಡಬ್ಬಿಯಲ್ಲಿ ಕಡಿಮೆ ಬಿದ್ದರೆ ಇನ್ನೊಂದರಿಂದ ಸಾಲ ತೆಗೆಯಬಹುದು. ಆದರೆ ನಿಯಮ ಕೇಳಿ. ಸಾಲ ಕೇಳುವವರು ಎದ್ದು ನಿಂತು ಕೇಳಬೇಕು. ಕೊಡುವವರೂ ಅಲ್ಲದ, ಕೇಳುವವರೂ ಅಲ್ಲದ ಒಬ್ಬರು ಎದ್ದು ನಿಂತು ಜಾಮೀನು ಹೇಳಬೇಕು. ಜಾಮೀನು ನಿಂತವರು ಏನನ್ನಾದರೂ ಪಣಕ್ಕಿಡಬೇಕು! ಒಮ್ಮೆ ಅತ್ತೆ, "ಸಾಲ ತೀರ್ದೇ ಹೋದ್ರೆ ನಾನು ಒಂದು ವಾರ ಮಾತಾಡಲ್ಲ" ಅಂತ ಪಣವಿಟ್ಟರು.

"ಅದು ಆಗಲ್ಲ," ಅಂದರು ಮಾವ. "ಸಾಲ ತೀರಿಸ್ದೇ ಇರಾಕೆ ಜನಕ್ಕೆ ಆಸೆ ಹುಟ್ತೈತೆ."

ಅತ್ತೆ ಆ ವಾರ ಜಾಮೀನಿಲ್ಲದೆಯೇ ಮಾತು ಬಿಟ್ಟರು.

ಮಾವ ಹಿಂಬಾಗಿಲಿನಿಂದ ಬಂದ ಕಥೆಯೂ ಇದರದೇ ಮರಿ. ಚಪ್ಪಲಿ ಹರಿದಾಗ ಹೊಸದಕ್ಕೆ ಇಂಗಿನ ಡಬ್ಬಿ ಸಾಲಲಿಲ್ಲ. ನನ್ನ ಲೋಟದ ಡಬ್ಬಿಯಿಂದ, ಖಾದರ್ ಭಾಯ್ ಜಾಮೀನಿನ ಮೇಲೆ, ಸಾಲ ತೆಗೆದರು. ಬಡ್ಡಿ ಎಷ್ಟು ಅಂತ ಅವರೇ ಹೇಳಿದರು. ವಾಯಿದೆ ದಾಟಿತು. ಆಮೇಲೆ ಮಾವ ನನ್ನ ಮುಖ ತಪ್ಪಿಸತೊಡಗಿದರು! ಸಂಜೆ ನಾನು ಶಾಲೆಯಿಂದ ಹೋಟೆಲಿಗೆ ಬಂದರೆ, ಹಿಂಬಾಗಿಲಿನ ಹತ್ತಿರ ಪಿಸುಮಾತು ಕೇಳಿಸುತ್ತಿತ್ತು: "ಖಾದರ್, ಟೀಚರಮ್ಮ ಗಲ್ಲಾದತ್ರ ಅದಾಳೇನೋ?"

"ಅರೆ, ದುಡ್ಡೂ ನಿಮ್ದೇ, ಡಬ್ಬಿನೂ ನಿಮ್ದೇ, ಓಡೋದ್ಯಾಕ್ರಿ ಅಣ್ಣಾ?" ಅಂತ ಖಾದರ್ ಭಾಯ್ ತಲೆ ಚಚ್ಚಿಕೊಳ್ಳುತ್ತಿದ್ದರು.

"ಸಾಲ ಸಾಲನೇ ಕಣಲೇ."

ನಗಬೇಡಿ. ನಾನೂ ನಗುತ್ತಿದ್ದೆ. ಈ ಸಭೆಯಲ್ಲಿ ನಗದೇ ಇದ್ದವಳು ಒಬ್ಬಳೇ, ಅಜ್ಜಿ. ಮಾವನ ತಾಯಿ. ಗೋಡೆಗೊರಗಿ ಕೂತು ಮೊರದಲ್ಲಿ ಮೆಣಸಿನಕಾಯಿ ಆರಿಸುವಳು. ಅವಳಿಗೂ ಒಂದು ಡಬ್ಬಿ ಕೊಡಲು ಮಾವ ಮೊದಲೇ ಹೋಗಿದ್ದರಂತೆ. "ನಿನ್ನ ವ್ಯಾಪಾರಕ್ಕೆ ನನ್ನ ಕೈ ಸೇರಿಸ್ಬೇಡ" ಅಂತ ತಿರುಗಿಸಿ ಕಳಿಸಿದ್ದಳು. ಹೋಟೆಲಿನ ಹೊಸ್ತಿಲು ತುಳಿದವಳಲ್ಲ. ಅಲ್ಲಿಯ ಚಾ ನಾಲಿಗೆಗೆ ತಾಗಿಸಿದವಳಲ್ಲ.

ಯಾಕೆ ಅಂತ ಅತ್ತೆ ಹೇಳಿದರು. ಮದುವೆಗೆ ಮುಂಚೆ ಮಾವ ಮೊಳಕಾಲ್ಮೂರಿನಲ್ಲಿ ಒಂದು ಹೋಟೆಲು ಇಟ್ಟಿದ್ದರಂತೆ. ಗೋಡೆ ತುಂಬ ಕನ್ನಡಿ, ಟೇಪ್ ರೆಕಾರ್ಡರು, ಬಂದವರಿಗೆಲ್ಲ ಬಿಟ್ಟಿ ಚಾ. ಆಗ ಡಬ್ಬಿ ಗಿಬ್ಬಿ ಇಲ್ಲ, ಒಂದೇ ಗಲ್ಲಾ. ಕೈ ಹಾಕಿದಾಗ ಸಿಕ್ಕಿದ್ದೆಲ್ಲ ಲಾಭ! ಹೋಟೆಲಿಗೆ ತಂದ ಸಾಲಕ್ಕೆ ಜಾಮೀನು ನಿಂತವರು ಬಿ.ಜಿ. ಕೆರೆಯಲ್ಲಿ ಉಳುತ್ತಿದ್ದ ಅಜ್ಜ. ಹೋಟೆಲು ಮುಳುಗಿತು. ಅಜ್ಜ ಜೋಡಿ ಎತ್ತು ಮಾರಿ ಮಗನ ಸಾಲ ತೀರಿಸಿದರು, ಆಮೇಲೆ ಬದುಕಿರುವವರೆಗೂ ಬೇರೆಯವರ ಎತ್ತು ಬೇಡಿ ಉತ್ತರು. ಮಗನಿಗೆ ಒಂದು ಮಾತು ಅನ್ನಲಿಲ್ಲವಂತೆ. ಅಜ್ಜಿಯೂ ಅನ್ನಲಿಲ್ಲ. ಜಾಮೀನು ಅನ್ನುವ ಪದ ಕಿವಿಗೆ ಬಿದ್ದರೆ ಎದ್ದು ಒಳಗೆ ಹೋಗುತ್ತಿದ್ದಳು, ಅಷ್ಟೇ. ಇಷ್ಟು ಕೇಳಿದ ಮೇಲೆ ಆ ಡಬ್ಬಿಗಳ ಮೇಲೆ ಮೊದಲಿನ ಹಾಗೆ ನಗಲು ನನಗೆ ಆಗಲಿಲ್ಲ.

ಹೀಗಿರುವಾಗ ಒಂದು ಗುರುವಾರ ಮಳಿಗೆಯ ಮಾಲೀಕರು ಬಂದರು. ಚಾ ಕುಡಿದರು, ಕಾಸು ಕೊಟ್ಟರು, ಬಾಯಿ ಒರೆಸಿಕೊಂಡು ಬಾಂಬು ಹಾಕಿದರು. ಅವರ ಬಾಮೈದ ಅದೇ ಜಾಗದಲ್ಲಿ ಎಸ್‌.ಟಿ.ಡಿ. ಬೂತು ಇಡಬೇಕಂತೆ. ಮುಂಗಡ ದುಪ್ಪಟ್ಟು ಕೊಡುತ್ತಾನಂತೆ. "ನೀವು ಹಳಬರು. ನೀವೇ ಅಷ್ಟು ಕೊಟ್ರೆ ನೀವೇ ಇರ್ರಿ. ಸೋಮವಾರ ಹತ್ತು ಗಂಟೆಗೆ ಬರ್ತೀನಿ. ದುಡ್ಡಾದ್ರೂ ಕೊಡಿ, ಬೀಗದ ಕೈ ಆದ್ರೂ ಕೊಡಿ."

ಶೇಂಗಾ ಸುಗ್ಗಿ ಬಾಗಿಲಿಗೆ ಬಂದಿತ್ತು! ಇನ್ನೊಂದು ವಾರಕ್ಕೆ ಗಾಡಿ, ಲಾರಿ, ಹಮಾಲರು, ರೈತರು ಗೇಟಿನ ಮುಂದೆ ಜಾತ್ರೆಯಾಗುತ್ತಾರೆ. ವರ್ಷದ ಅನ್ನ ಆ ಎರಡು ತಿಂಗಳಲ್ಲಿ ಹುಟ್ಟಬೇಕು. ಈಗ ಈ ಜಾಗ ಬಿಟ್ಟರೆ ಊರಿನಲ್ಲಿ ಬೇರೆ ಮಳಿಗೆ ಎಲ್ಲಿದೆ? ಖಾದರ್ ಭಾಯ್ ಬಾಣಲೆಯಲ್ಲಿ ಬಜ್ಜಿ ಬಿಟ್ಟು ತೆಗೆಯುವುದನ್ನೇ ಮರೆತರು. ಆ ದಿನ ಗಿರಾಕಿಗಳು ಇದ್ದಿಲು ತಿಂದರು.

ಹೊರಗಡೆ ಸಾಲ ತರುವ ಮಾತನ್ನು ಮಾವನ ಮುಂದೆ ಎತ್ತುವಂತೆಯೇ ಇರಲಿಲ್ಲ. ಉಳಿದದ್ದು ಡಬ್ಬಿಗಳು. ಭಾನುವಾರ ಮಾವ ತಟ್ಟೆ ಬಾರಿಸಿದರು. ಬಾಡಿಗೆ ಡಬ್ಬಿಯ ಯಜಮಾನರಾಗಿ ಅವರು ಎದ್ದು ನಿಂತು ಕೈ ಮುಗಿದರು. "ಮೂರೂ ಡಬ್ಬಿಯಿಂದ ಸಾಲ ಬೇಕು. ಸುಗ್ಗಿ ಮುಗಿಯೋದ್ರೊಳಗೆ ಬಡ್ಡಿ ಸಮೇತ ತೀರಿಸ್ತೀನಿ."

"ಎಣ್ಣೆ ಡಬ್ಬಿ ತಗೊಳ್ರಿ," ಅಂದರು ಅತ್ತೆ.

"ಲೋಟದ್ದೂ ತಗೊಳ್ರಿ ಮಾವ," ಅಂದೆ. "ಸುಗ್ಗಿಯಲ್ಲಿ ಲೋಟ ಒಡೆಯದ ಹಾಗೆ ನಾನೇ ತೊಳೀತೀನಿ."

ಖಾದರ್ ಭಾಯ್ ಕೂಲಿ ಡಬ್ಬಿಯನ್ನು ಎದೆಗವಚಿಕೊಂಡಿದ್ದರು. ಮನೆಯಲ್ಲಿ ಹೆಂಡತಿ, ಮಕ್ಕಳು, ಅವರದೂ ಅದೇ ಅನ್ನ. ಆದರೂ ಡಬ್ಬಿಯನ್ನು ಮಾವನ ಕಾಲ ಹತ್ತಿರ ಇಟ್ಟರು. "ಬಾಣಲೆ ಆರಿದ್ರೆ ಕೂಲಿ ಎಲ್ಲಿಂದ ಬರ್ತದಣ್ಣಾ? ತಗೊಳ್ಳಿ."

ಮುಗಿಯಿತಲ್ಲ! ಮೂರೂ ಸೇರಿದರೆ ಲೆಕ್ಕ ಸರಿಹೋಗುತ್ತಿತ್ತು. ನಾನು ಉಸಿರು ಬಿಟ್ಟೆ. ಮಾವ ಮಾತ್ರ ಡಬ್ಬಿ ಮುಟ್ಟದೆ ನಿಂತೇ ಇದ್ದರು.

"ಜಾಮೀನು?"

ಆಗ ಹೊಳೆಯಿತು ನಮಗೆ. ಮೂವರೂ ಸಾಲ ಕೊಡುವವರು. ಕೇಳುವವರು ಮಾವ. ಜಾಮೀನು ನಿಲ್ಲಲು ಆ ಮನೆಯಲ್ಲಿ ಉಳಿದದ್ದು ಒಂದೇ ಜೀವ. ಎಲ್ಲರ ಕಣ್ಣೂ ಗೋಡೆಯ ಕಡೆ ತಿರುಗಿತು. ಅಜ್ಜಿ ಮೊರವನ್ನು ಕೆಳಗಿಟ್ಟಳು. ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಜಾಮೀನಿಲ್ಲ. ಸಾಲ ಇಲ್ಲ," ಅಂತ ಮಾವ ಕೂತುಬಿಟ್ಟರು.

ಆಮೇಲೆ ಆದ ಜಗಳವನ್ನು ಏನು ಹೇಳಲಿ! ಅತ್ತೆ ಜಾಲರಿ ಸೌಟನ್ನು ಕಿತ್ತು ಮೂಲೆಗೆ ಎಸೆದರು. "ನೀವೇ ಮಾಡಿದ ನಿಯಮ, ನೀವೇ ಮುರೀರಿ! ಯಾರು ಕೇಳ್ತಾರೆ?"

"ನಾನೇ ಮಾಡಿದ್ದು, ಅದಕ್ಕೇ ಮುರಿಯಂಗಿಲ್ಲ. ಒಂದ್ಸಲ ಕೈ ಹಾಕಿದ್ರೆ ಮುಗೀತು. ನನ್ನ ಕೈ ನನಗೆ ಗೊತ್ತೈತೆ."

"ಊರೆಲ್ಲಾ ನಗ್ತೈತೆ!"

"ನಗ್ಲಿ. ನಿಯಮ ನಿಯಮನೇ."

ನನಗೂ ರೇಗಿತು. ಇಂಥ ತಿಕ್ಕಲು ಮನುಷ್ಯನನ್ನು ಕಟ್ಟಿಕೊಂಡು ಅತ್ತೆ ಇಷ್ಟು ವರ್ಷ ಹೇಗೆ ಬಾಳಿದರಪ್ಪಾ ಅನ್ನಿಸಿತು. ಮುಚ್ಚಿದ ಬಾಗಿಲಿನ ಹಿಂದೆ ಅಜ್ಜಿಗೂ ಇದೆಲ್ಲ ಕೇಳಿಸಿರಬೇಕು. ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಸೋಮವಾರ ನಾನು ಶಾಲೆಗೆ ರಜೆ ಹಾಕಿದೆ. ಬೆಳಿಗ್ಗೆ ಒಲೆ ಹಚ್ಚಿ ಒಂದು ಕೊನೆಯ ಚಾ ಕಾಸಿದ ಮೇಲೆ ಮಾವ ಸಾಮಾನು ಇಳಿಸತೊಡಗಿದರು. ಖಾದರ್ ಭಾಯ್ ಫ್ಯಾನು ಬಿಚ್ಚಲು ಸ್ಟೂಲು ಹತ್ತಿ, ಬಿಚ್ಚಲು ಮನಸ್ಸಾಗದೆ ಹಾಗೇ ನಿಂತಿದ್ದರು. ಅತ್ತೆ ಬಾಣಲೆ ತಿಕ್ಕುತ್ತಾ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಹಲಗೆಯ ಮೇಲೆ ಡಬ್ಬಿಗಳು ಎಂದಿನಂತೆ ಸಾಲಾಗಿ ಕೂತಿದ್ದವು. ದುಡ್ಡು ಇದ್ದೂ ಅಂಗಡಿ ಕಳೆದುಕೊಳ್ಳುವ ಹುಚ್ಚು ಈ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದೀತೇ? ಗಡಿಯಾರ ನೋಡಿದೆ. ಹತ್ತಕ್ಕೆ ಹೆಚ್ಚು ಹೊತ್ತಿರಲಿಲ್ಲ. ದೂರದಲ್ಲಿ ಮಾಲೀಕರ ಸ್ಕೂಟರಿನಂಥದೇ ಸದ್ದು ಕೇಳಿ ನಾನು ಬಾಗಿಲಿಗೆ ಓಡಿದೆ. ಅದು ಯಾರದೋ ಸ್ಕೂಟರು, ಮುಂದೆ ಹೋಯಿತು.

ಅದರ ಹಿಂದೆಯೇ ಬಂದದ್ದು ಆಟೋ. ಅದರಿಂದ ಅಜ್ಜಿ ಇಳಿದಳು.

ಮಾವ ಕೈಯಲ್ಲಿದ್ದ ಲೋಟಗಳ ತಟ್ಟೆಯನ್ನು ಹಿಡಿದೇ ಕಲ್ಲಾಗಿ ನಿಂತರು. ಅಜ್ಜಿ ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು. ದಾಟಿದಳು. ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡಳು. ಗೋಡೆ ನೋಡಿದಳು, ಅಲ್ಲಿ ಒಂದು ಕನ್ನಡಿಯೂ ಇರಲಿಲ್ಲ. ಡಬ್ಬಿಗಳ ಸಾಲು ನೋಡಿದಳು. ಕೊನೆಯ ಇಂಗಿನ ಡಬ್ಬಿಯ ಮೇಲೆ ಅವಳ ಕಣ್ಣು ಬಹಳ ಹೊತ್ತು ನಿಂತಿತು.

"ತಟ್ಟೆ ಬಾರಿಸು ಕಣಲೇ," ಅಂದಳು.

"ಅವ್ವಾ..."

"ಬಾರಿಸು ಅಂದೆ. ಜಾಮೀನು ನಾನು ನಿಲ್ತೀನಿ."

ಅನ್ನುತ್ತಾ ಬೆಂಚಿಗೆ ಕೈ ಊರಿ ಏಳಲು ನೋಡಿದಳು. ಮಂಡಿ ಕೇಳಲಿಲ್ಲ. ಮತ್ತೆ ಪ್ರಯತ್ನ ಮಾಡಿದಳು. ಮಾವ ತಟ್ಟೆ ಬಿಟ್ಟು ಓಡಿಬಂದರು. ಲೋಟಗಳು ಉರುಳಿ ಚೂರಾದವು. ನಾನು ಲೆಕ್ಕ ಇಡಲಿಲ್ಲ.

"ಕೂತ್ಕಂಡೇ ಹೇಳವ್ವಾ, ಪರವಾಗಿಲ್ಲ, ಕೂತ್ಕಂಡೇ ಹೇಳು!"

ನಿಯಮ ಮುರಿಯುವ ಮಾತು ಮಾವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ನಿಯಮ ನಿಯಮನೇ," ಅಂದಳು ಅಜ್ಜಿ. ಸ್ಟೂಲಿನಿಂದ ಇಳಿದು ಬಂದಿದ್ದ ಖಾದರ್ ಭಾಯ್ ಹೆಗಲು ಹಿಡಿದು, ನಡುಗುವ ಕಾಲಿನ ಮೇಲೆ ನೆಟ್ಟಗೆ ಎದ್ದು ನಿಂತಳು. "ಈಗ ಕೇಳು, ಏನು ಪಣ ಇಡ್ತೀಯ ಅಂತ."

ಮಾವ ಬಾಯಿ ತೆಗೆಯುವ ಮೊದಲು ಅವಳೇ ಹೇಳಿದಳು.

"ನನ್ನತ್ರ ಏನೈತೆ ಇಡಾಕೆ? ನಿನ್ನನ್ನೇ ಇಡ್ತೀನಿ. ಎತ್ತು ಕೊಟ್ಟು ನಿಮ್ಮಪ್ಪ ಉಳಿಸ್ಕಂಡಿದ್ದು ನಿನ್ನೊಬ್ಬನ್ನೇ ಅಲ್ವೇನಲೇ."

ಮಾವ ಅವಳ ಕಾಲ ಬಳಿ ಕೂತು, ಇಷ್ಟು ವರ್ಷ ಯಾವ ಡಬ್ಬಿಗೂ ಹಾಕದೆ ಇಟ್ಟುಕೊಂಡಿದ್ದ ಅಳುವನ್ನೆಲ್ಲ ಒಂದೇ ಸಲ ಅತ್ತರು. ಅತ್ತೆ ಅತ್ತರು. ನಾನೂ ಅತ್ತೆ. ಮಾಲೀಕರು ಬಂದು ಬಾಗಿಲಲ್ಲಿ ನಿಂತು, ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ಕೈಗೆ ಮೂರು ಡಬ್ಬಿಯ ದುಡ್ಡನ್ನು ಅತ್ತೆಯೇ ಕೊಟ್ಟರು.

ಅವರು ಹೋದ ಮೇಲೆ ಅಜ್ಜಿ ಬೆಂಚಿನ ಮೇಲೆ ಮತ್ತೆ ಕೂತು, "ಒಂದು ಚಾ ಕೊಡು, ಹೆಂಗೆ ಮಾಡ್ತೀಯ ನೋಡಾನ" ಅಂದಳು. ಮಾವ ಬೆಳಗಿನ ಚಾ ಚೆಲ್ಲಿ, ಹೊಸದಾಗಿ ಹಾಲು ಕಾಸಿ, ಒಡೆಯದೆ ಉಳಿದಿದ್ದ ಒಂದು ಲೋಟ ತೊಳೆದು ತಂದುಕೊಟ್ಟರು. ಅಜ್ಜಿ ಕುಡಿದಳು. ಸೆರಗಿನ ಗಂಟು ಬಿಚ್ಚಿ ಕಾಸು ತೆಗೆಯಲು ಹೋದಳು. ಮಾವ ಆ ಗಂಟನ್ನು ತಮ್ಮ ಕೈಯಿಂದಲೇ ಮತ್ತೆ ಕಟ್ಟಿದರು.