‘ಲಭ್ಯವಿದೆ’ ಎಂದ ಪೆಟ್ಟಿಗೆಗೆ ದಿಂಬಿನಕ್ಕನ ದೂರು

ವೆಬ್‌ಸೈಟುಗಳಿಗೆ ಹೆಸರು ಮಾರುವ ಕಂಪನಿಯ ಮುಖಪುಟದಲ್ಲಿ ಹಗಲಿರುಳೂ ಎಚ್ಚರವಿರುವ ಹುಡುಕುವ ಪೆಟ್ಟಿಗೆಯವರ ಸನ್ನಿಧಿಗೆ,

ಮಾನ್ಯರೇ,

ದೇವರ ದಯೆಯಿಂದ ನಾವು ಕ್ಷೇಮ. ತಾವೂ ತಮ್ಮ ಹಸಿರು ಟಿಕ್ ಗುರುತೂ ಕ್ಷೇಮವೆಂದು ನಂಬಿದ್ದೇನೆ. ನಾನು ಹತ್ತಿಯ ದಿಂಬು ಹೊಲಿಯುವವಳು. ಹಳ್ಳಿಯ ಶಾಲೆಯಲ್ಲಿ ಕಲಿತಷ್ಟೇ ವಿದ್ಯೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಾಸ್ಟೆಲ್ಲಿನ ವಾರ್ಡನಮ್ಮ ತಮ್ಮ ಹುಡುಗಿಯರಿಗೆಲ್ಲ ನಮ್ಮ ದಿಂಬನ್ನೇ ಕೊಳ್ಳುವ ಮನಸ್ಸು ಮಾಡಿ, ಕಮಿಟಿಯವರಿಗೆ ತೋರಿಸಲು ಒಂದು ವೆಬ್‌ಸೈಟು ಇರಲಿ ಎಂದರು. ‘ಸುಖನಿದ್ದೆ ಡಾಟ್ ಕಾಮ್’ ಇದೆಯೇ ಎಂದು ತಮ್ಮನ್ನು ಕೇಳಿದೆ. ತಾವು ಕಾಯಿಸದೆ ‘ಲಭ್ಯವಿದೆ’ ಎಂದಿರಿ. ನಮ್ಮ ಅಂಗಡಿಯಲ್ಲಿ ಗಿರಾಕಿಗೆ ಒಮ್ಮೆ ‘ಇದೆ’ ಎಂದರೆ, ಆ ದಿಂಬನ್ನು ಮೇಲಿನ ಹಲಗೆಗೆ ಎತ್ತಿಟ್ಟು, ಅವರು ಮನೆಯವರನ್ನು ಕೇಳಿಕೊಂಡು ಬರುವ ತನಕ ಬೇರೆಯವರಿಗೆ ಇಲ್ಲ ಎನ್ನುತ್ತೇವೆ. ತಾವೂ ಎತ್ತಿಟ್ಟಿರೆಂದು ತಿಳಿದು, ತಮಗೆ ಕೈಮುಗಿದು ಎದ್ದು, ದೇವರ ಮುಂದೆ ಆ ಹೆಸರು ಹೇಳಿ, ಯಜಮಾನರ ಒಪ್ಪಿಗೆ ಪಡೆದು, ನಾದಿನಿಯ ಕೈಯಲ್ಲಿ ಪ್ರತಿ ದಿಂಬಿನ ಮೂಲೆಗೂ ಅದನ್ನೇ ಕಸೂತಿ ಹಾಕಿಸಿ, ವಾರ್ಡನಮ್ಮನಿಗೆ ಮಾದರಿಯೊಂದನ್ನು ಕಳಿಸಿದೆ.

ಮುಂದಿನ ವಾರ ಕೊಳ್ಳಲು ಬಂದರೆ ಹೆಸರು ಯಾರೋ ಮಹನೀಯರ ಪಾಲಾಗಿತ್ತು. ಅವರು ಅಲ್ಲಿ ದಿಂಬಿರಲಿ, ಒಂದು ಚಾಪೆಯನ್ನೂ ಹಾಸಿಲ್ಲ. ‘ಈ ಹೆಸರು ಮಾರಾಟಕ್ಕಿದೆ’ ಎಂಬ ಫಲಕವನ್ನಷ್ಟೇ ನೆಟ್ಟಿದ್ದಾರೆ. ಕಸೂತಿ ನೋಡಿ ಆ ವಿಳಾಸ ತೆರೆದ ವಾರ್ಡನಮ್ಮ ಫೋನ್ ಮಾಡಿ, “ಏನ್ರೀ ದಿಂಬಿನಕ್ಕ, ನಾವು ಆರ್ಡರ್ ಕೊಡೋಕೆ ಮುಂಚೆನೇ ಅಂಗಡಿ ಮಾರ್ತಿದೀರಾ?” ಎಂದರು.

ಆದರೂ ತಮ್ಮ ಔದಾರ್ಯ ಮರೆಯುವಂಥದ್ದಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ‘ಸುಖನಿದ್ದೆ ಇಪ್ಪತ್ನಾಲ್ಕು ಗಂಟೆ’ ಎಂಬ ಹೆಸರು ಸೂಚಿಸಿದಿರಿ. ಹಾಗೆ ಮಲಗುವವರನ್ನು ನಾವು ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ‘ಸುಖನಿದ್ದೆ ಕ್ಲಬ್’ ಎಂದೂ ಸೂಚಿಸಿದಿರಿ. ನಾದಿನಿ ಸೂಜಿ ಕೆಳಗಿಟ್ಟು, “ಅತ್ತಿಗೆ, ಆ ಹೆಸರು ಹಾಕಿದ್ರೆ ದಿಂಬು ಕೇಳ್ಕೊಂಡು ಬರೋರು ಯಾರು ಅಂತ ಸ್ವಲ್ಪ ಯೋಚ್ನೆ ಮಾಡಿ” ಎಂದಳು.

ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ‘ಲಭ್ಯವಿದೆ’ ಎನ್ನುವಾಗ ‘ನೀವು ಕುರ್ಚಿ ಬಿಟ್ಟು ಏಳುವ ತನಕ’ ಎಂದೂ ಸೇರಿಸಿ. ಆ ಮಹನೀಯರಿಗೂ ಒಂದು ಮಾತು ಹೇಳಿ: ಹೆಸರಿನ ಮರ್ಯಾದೆಗಾದರೂ ಅವರು ಅಲ್ಲಿ ಒಂದು ಮಧ್ಯಾಹ್ನ ಮಲಗಿ ತೋರಿಸಲಿ, ದಿಂಬು ನಾನೇ ಕಳಿಸುತ್ತೇನೆ, ಕಸೂತಿಯೂ ಅದರಲ್ಲಿ ಸಿದ್ಧವಾಗಿದೆ. ಉಳಿದವುಗಳ ದಾರವನ್ನು ನಾದಿನಿ ಬಿಚ್ಚುತ್ತ ಕುಳಿತಿದ್ದಾಳೆ. ಕಮಿಟಿ ಶುಕ್ರವಾರ ಸೇರುತ್ತದೆ.

ತಮ್ಮ ಮೇಲಲ್ಲದಿದ್ದರೂ ದೇವರ ಮೇಲೆ ಪೂರ್ತಿ ವಿಶ್ವಾಸವಿಟ್ಟಿರುವ,
ತಮ್ಮ ವಿಶ್ವಾಸಿ,
ದಿಂಬಿನಕ್ಕ

ಮರೆತ ಮಾತು: ಬೇರೊಂದು ಹೆಸರು ಹೊಳೆಯಿತು. ಈ ಸಲ ಯಜಮಾನರನ್ನು ಕೇಳಲಿಲ್ಲ, ನಾದಿನಿಗೂ ಹೇಳಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಮೊದಲು ಕೊಂಡೆ, ದೇವರಿಗೆ ಆಮೇಲೆ ತಿಳಿಸಿದೆ, ಅದೂ ಕಂಪ್ಯೂಟರ್ ಆಫ್ ಮಾಡಿ, ಮನಸ್ಸಿನಲ್ಲೇ.