ಅಲ್ಲಾಡದ ಮುಳ್ಳು

ನವೆಂಬರ್ ಮೂರು, ಭಾನುವಾರ, ಬೆಳಿಗ್ಗೆ ಏಳೂಕಾಲು. ಮಳವಳ್ಳಿಯ ನಮ್ಮ ಮನೆಯ ಮುಂದೆ ಕಾರಿನ ತಪಾಸಣೆ ವಿಧ್ಯುಕ್ತವಾಗಿ ಆರಂಭವಾಯಿತು.

ದೂರು ಒಂದೇ: ಆಯುಧಪೂಜೆಯಿಂದೀಚೆಗೆ ಪೆಟ್ರೋಲ್ ಮೀಟರಿನ ಮುಳ್ಳು 'ಫುಲ್' ಬಿಟ್ಟು ಅಲ್ಲಾಡಿಲ್ಲ. ಮಂಡ್ಯಕ್ಕೆ ಎರಡು ಸಲ, ಕಿರುಗಾವಲಿಗೆ ಮೂರು ಸಲ ಹೋಗಿಬಂದದ್ದು ನನ್ನ ಡೈರಿಗೆ ಗೊತ್ತು, ಮುಳ್ಳಿಗೆ ಗೊತ್ತಿಲ್ಲ! ಅವತ್ತೇ ಮದ್ದೂರಿನಲ್ಲಿ, ನನ್ನ ತಂಗಿಯ ಗಂಡನ ಮನೆಯಲ್ಲಿ, ಬೀಗರೂಟ. ಮೊದಲ ಪಂಕ್ತಿಗೆ ಅವ್ವ ಕೂರದಿದ್ದರೆ ತಂಗಿ ಜನ್ಮವಿಡೀ ಮಾತು ಕೇಳಬೇಕು. ದಾರಿಯಲ್ಲಿ ಕಾರು ನಿಲ್ಲಕೂಡದು.

"ಮೊದ್ಲು ಕಣ್ಣಲ್ಲಿ ನೋಡ್ಬೇಕು, ಆಮೇಲೆ ಕೈ ಹಾಕ್ಬೇಕು ಕಣೆ," ಎಂದು ಹೆಂಡತಿ ಸವಿತಾಳಿಗೆ ಉಪದೇಶಿಸಿದೆ.

ಬಾನೆಟ್ ಎತ್ತಿ ನೋಡಿದೆ. ಫ್ಯೂಸುಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಕಾರಿನಡಿ ಮಲಗಿ ಟ್ಯಾಂಕಿನ ವೈರು ನೋಡಿದೆ. ಎಲ್ಲವೂ ನನಗಿಂತ ಚೆನ್ನಾಗಿದ್ದವು! ಕೊನೆಗೆ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿ, ಸಂಶಯ ಬಂದ ಒಂದು ವೈರು ಎಳೆದೆ.

ಪೀಂ...! ಹಾರ್ನ್ ಶುರುವಾಯಿತು. ನಿಲ್ಲಲಿಲ್ಲ.

ಪಕ್ಕದ ಮನೆಯ ಕೆಂಪಣ್ಣ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಓಡಿಬಂದ. "ಏನ್ಲಾ, ಬೀಗರೂಟಕ್ಕೆ ಇಲ್ಲಿಂದ್ಲೇ ಜನ ಕರೀತಿದ್ದೀಯಾ?"

"ಮುಳ್ಳು ನೋಡ್ತಿದ್ದೆ ಕಣಣ್ಣ!"

"ಮುಳ್ಳು ಚುಚ್ಚಿದ್ರೆ ನೀನು ಕಿರುಚ್ಬೇಕು, ಕಾರು ಯಾಕ್ಲಾ ಕಿರುಚ್ತದೆ?"

ರೇಷ್ಮೆ ಸೀರೆಯುಟ್ಟು ಜಗುಲಿಯಲ್ಲಿ ಕೂತಿದ್ದ ಅವ್ವ ಕೂಗಿದಳು: "ಒತ್ತಾಯ್ತು ಕಣ್ಲಾ!"

ಸವಿತಾ ಒಳಗೆ ಬಗ್ಗಿ ಮೀಟರು ನೋಡಿದಳು. ಗಾಜು ಮಾಸಿದೆಯೆಂದು ಸೆರಗಿನಿಂದ ಒರೆಸಿದಳು. ಮುಳ್ಳು ಮಾಯ!

"ಅಯ್ಯೋ, ಮುಳ್ಳು ಏನ್ ಮಾಡ್ದೆ?"

"ಒರಸ್ಬುಟ್ಟೆ!" ಸೆರಗು ತೋರಿಸಿದಳು. ಕುಂಕುಮ!

ಆಯುಧಪೂಜೆಯ ದಿನ ಅವ್ವ ಗಾಜಿಗೆ ವಿಭೂತಿ ಬಳಿದು, 'ಫುಲ್' ಗುರುತಿಗೆ ಸರಿಯಾಗಿ ಕುಂಕುಮದ ಗೆರೆ ಎಳೆದಿದ್ದಳಂತೆ. "ಯಾವಾಗ್ಲೂ ತುಂಬಿರ್ಲಿ ಅಂತ ಇಟ್ಟೆ ಕಣಪ್ಪ," ಎಂದಳು. ವಿಭೂತಿಯ ಹಿಂದೆ ಅಸಲಿ ಮುಳ್ಳು ಮಲಗಿತ್ತು. ಕೀ ತಿರುಗಿಸಿದೆ. ಏಳಲೇ ಇಲ್ಲ. ಟ್ಯಾಂಕು ಖಾಲಿ!

ಕೆಂಪಣ್ಣ ಬೈಕಿನಲ್ಲಿ ಹೋಗಿ ಪೆಟ್ರೋಲ್ ತಂದ. ಹಾರ್ನ್ ಮಾತ್ರ ಅವನ ಮಾತೂ ಕೇಳಲಿಲ್ಲ. ಬ್ಯಾಟರಿ ವೈರು ಕಿತ್ತರೆ ಹಾರ್ನ್ ನಿಲ್ಲುತ್ತದೆ; ಜೊತೆಗೆ ಕಾರೂ! ಹಾಗೇ ಹೊರಟೆವು. ಮದ್ದೂರಿನವರೆಗೂ ಬಸ್ಸು, ಲಾರಿ, ಕಬ್ಬಿನ ಗಾಡಿಗಳೆಲ್ಲ ಗೌರವದಿಂದ ದಾರಿ ಬಿಟ್ಟವು. ಎಲೆ ಹಾಕುವ ಮೊದಲೇ ತಲುಪಿದೆವು!

"ನೋಡ್ರಲಾ, ಬೀಗಿತ್ತಿ ಬರೋದು ಅಂದ್ರೆ ಇಂಗಿರ್ಬೇಕು!" ಎಂದು ಬೀಗರು ಬಾಗಿಲಿಗೇ ಬಂದು, ಅವ್ವನನ್ನು ಮೊದಲ ಎಲೆಗೆ ಕರೆದೊಯ್ದರು. ತಂಗಿ ಹಿಗ್ಗಿಹೋದಳು.

ಡೈರಿಯಲ್ಲಿ ಬರೆದುಕೊಂಡೆ: ತಪಾಸಣೆಗೆ ಮೊದಲು ಕೆಟ್ಟಿದ್ದದ್ದು ಸೊನ್ನೆ, ತಪಾಸಣೆಯ ನಂತರ ಒಂದು.

ಈ ಹಾರ್ನ್ ನಿಲ್ಲಿಸುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಫೋನ್ ಮಾಡಬೇಡಿ. ಕೇಳಿಸುವುದಿಲ್ಲ!