ಕುದುರೆಗೆ ಅತ್ತರ ಹಚ್ಚಿದ ಹೊಳಬಸಪ್ಪ

"ಇನ್ನೊಂದು ತಿಂಗಳು ತಡಿ. ಹಲಗಿ ಬಾರಿಸೂದೇನು, ತೋಪು ಹಾರಿಸಿದ್ರೂ ನಮ್ಮ ದಿಲ್ದಾರ ಕಿವಿ ಸಹಿತ ಅಲುಗಿಸಬಾರದು, ಹಂಗ ಮಾಡ್ತೇನಿ! ಮಾಡದಿದ್ರ ಟಾಂಗಾ ಸಂಘಕ್ಕ ರಾಜೀನಾಮಿ ಕೊಡ್ತೇನಿ!"

ಇಳಕಲ್ಲ ಬಸ್ ಸ್ಟ್ಯಾಂಡಿನ ಟಾಂಗಾ ಸಂಘದ ಅಧ್ಯಕ್ಷ ಹೊಳಬಸಪ್ಪ, ೧೯೮೧ರ ಯುಗಾದಿಯ ಮರುವಾರ, ತನ್ನ ಹಿತ್ತಲಲ್ಲಿ ಲದ್ದಿ ಬುಟ್ಟಿಯ ಪಕ್ಕ ನಿಂತು ಹೀಗೆ ಘೋಷಿಸಿದ. ಆ ಮಹಾಸಭೆಗೆ ಹಾಜರಿದ್ದವರು ಇಬ್ಬರೇ. ಒಬ್ಬಳು ಹೆಂಡತಿ ಗುರುಲಿಂಗವ್ವ, ಇನ್ನೊಬ್ಬ ಕುದುರೆ ದಿಲ್ದಾರ. ಕುದುರೆ ಬಾಲದಿಂದ ನೊಣ ಹೊಡೆಯಿತು. ಹೆಂಡತಿ ಸೆರಗು ಕಟ್ಟಿಕೊಂಡು, "ನಿಮ್ಮ ರಾಜೀನಾಮಿನ ಸಂಘದವರು ಮೂರು ವರ್ಷದಿಂದ ಕಾಯಾಕತ್ತಾರ. ಅದನ್ನ ಪಣಕ್ಕ ಇಟ್ರ ನನಗೇನು ಬಂತು? ನನ್ನ ಮಾನದ ಮಾತು ಹೇಳ್ರಿ!" ಅಂದಳು.

ಮಾನದ ಮಾತು ಏನೆಂದರೆ ಇದು. ಗುರುಲಿಂಗವ್ವನ ತವರು ಗುಳೇದಗುಡ್ಡ. ಅಲ್ಲಿ ಅವಳ ಅಣ್ಣ ಕಾಶಪ್ಪನದು ನಾಲ್ಕು ಮಗ್ಗದ ದರ್ಬಾರು. ತಮ್ಮ ಶಂಕ್ರಪ್ಪನ ಲಗ್ನ ಗೊತ್ತಾಗಿತ್ತು. ಹಬ್ಬಕ್ಕೆ ಹೋದಾಗ ಕಾಶಪ್ಪ ಮೀಸೆ ತೀಡುತ್ತ, "ಮದುಮಗನ್ನ ಹೂವು ಕಟ್ಟಿದ ಜೀಪಿನ್ಯಾಗ ಮೆರಸ್ತೇನಿ" ಎಂದ. ಇವಳಿಗೆ ಸಿಟ್ಟು ಬಂತು.

"ಯಾಕಣ್ಣಾ, ನಮ್ಮ ಮನಿ ಕುದರಿ ಸತ್ತೈತೇನು? ನನ್ನ ತಮ್ಮ ನನ್ನ ಕುದರಿ ಮ್ಯಾಲೇ ಹೋಗಬೇಕು."

"ನಿನ್ನ ಕುದರಿ ಬಾಜಾ ಕೇಳಿದ್ರ ಎರಡು ಕಾಲ ಮ್ಯಾಲ ನಿಂದರತೈತಂತಲ್ಲ?"

"ಯಾವ ಬಾಯಿ ಹಂಗ ಅಂದದ್ದು? ಅದು ಹೆದರೂದಿಲ್ಲ. ಬಾಜಾಕ್ಕ ಹೆದರಿದ್ರ ನಾ ಮತ್ತ ಈ ಮನಿ ಹೊಸ್ತಿಲ ತುಳಿಯೂದಿಲ್ಲ, ಬರದಿಟ್ಟಕೋ!"

ಕಾಶಪ್ಪ ಬರೆದಿಡಲಿಲ್ಲ. ಆದರೆ ಅಲ್ಲಿ ಕೂತ ಹನ್ನೊಂದು ಜನ ಹೆಂಗಸರು ಕೇಳಿಸಿಕೊಂಡರು. ಬರೆದಿಟ್ಟದ್ದಕ್ಕಿಂತ ಅದು ಗಟ್ಟಿ.

ಕುದುರೆ ಹೆದರುತ್ತಿದ್ದುದು ಮಾತ್ರ ಸತ್ಯ. ಮೂರು ವರ್ಷದ ಹಿಂದೆ ಟಾಂಗಾದವರು ಹುನಗುಂದಕ್ಕೆ ಮೋರ್ಚಾ ಒಯ್ದಿದ್ದರು. ಮುಂಚೂಣಿಯಲ್ಲಿ ಹೊಳಬಸಪ್ಪ, ಪಕ್ಕದಲ್ಲಿ ದಿಲ್ದಾರ. ಹುರುಪಿನಲ್ಲಿ ಹಲಗಿ ಬಾರಿಸುತ್ತಿದ್ದ ನೀಲಪ್ಪ ಕುದುರೆಯ ಕಿವಿಯ ಬುಡಕ್ಕೇ ಬಂದು ಹಲಗಿಗೆ ಒಂದು ಏಟು ಬಿಟ್ಟ. ಆ ಹೋರಾಟದಲ್ಲಿ ಟಾಂಗಾದವರಿಗೆ ಸಿಕ್ಕಿದ್ದು ಆಶ್ವಾಸನೆ, ಕುದುರೆಗೆ ಸಿಕ್ಕಿದ್ದು ಹೆದರಿಕೆ. ಆಶ್ವಾಸನೆ ಆರು ತಿಂಗಳಲ್ಲಿ ಆವಿಯಾಯಿತು. ಹೆದರಿಕೆ ಹಾಗೇ ಉಳಿಯಿತು.

ಹೊಳಬಸಪ್ಪನ ತಲೆಗೆ ಹೊಳೆದ ಉಪಾಯಕ್ಕೆ ಗುರು, ದರ್ಗಾ ಓಣಿಯ ಅತ್ತರ ಅಂಗಡಿಯ ಜಲಾಲುದ್ದೀನ ಚಾಚಾ. ಚಾಚಾನ ಅಜ್ಜ ಯಾವುದೋ ಸರದಾರನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಹೆದರಿದ ಕುದುರೆಗೆ ವಾಸನೆ ತೋರಿಸಿಯೇ ಸಮಾಧಾನ ಮಾಡುತ್ತಿದ್ದನಂತೆ.

"ಸುಗಂಧ ಮೂಸಿದ್ರ ನಿನ್ನ ತಲಿ ಹಗುರ ಆಗ್ತೈತೋ ಇಲ್ಲೋ? ಕುದರಿ ಮೂಗು ನಿನ್ನ ಮೂಗಿಗಿಂತ ಹತ್ತು ಪಟ್ಟು ಶಾಣ್ಯಾ" ಎಂದ ಚಾಚಾ. "ಆದರ ಆರಿಸೋ ಹಕ್ಕು ಅದರದು. ನೀ ಆರಿಸಬ್ಯಾಡ."

ಹಕ್ಕು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸಂಘದ ಅಧ್ಯಕ್ಷನಿಗೆ ಈ ವಿದ್ಯೆಯ ಮೇಲೆ ಅಪಾರ ಗೌರವ ಹುಟ್ಟಿತು!

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ದಿಲ್ದಾರನ ಪರೀಕ್ಷೆ ನಡೆಯಿತು. ಚಾಚಾ ಒಂದೊಂದೇ ಬಾಟಲಿಯ ಬಿರಡೆ ತೆಗೆದು ಅಂಗೈ ಮೇಲೆ ಹಿಡಿದ. ನೀಲಗಿರಿ ಎಣ್ಣೆ ಮೂಸಿದ ದಿಲ್ದಾರ ಹೊಳಬಸಪ್ಪನ ಮುಖದ ತುಂಬ ಸೀನಿದ. ಲವಂಗದ ಎಣ್ಣೆಗೆ ಮುಖ ತಿರುಗಿಸಿದ. ಗುಲಾಬಿ ಅತ್ತರ ಬಂದಾಗ ಬಿರಡೆಯನ್ನೇ ಕಚ್ಚಲು ಹೋದ. ಕೊನೆಗೆ ಲಾವಂಚದ ಅತ್ತರ ಬಂತು. ಮೂಸಿದ, ಮತ್ತೊಮ್ಮೆ ಮೂಸಿದ. ಮೇಲ್ದುಟಿಯನ್ನು ಮೂಗಿನ ತನಕ ಮಡಚಿ, ಹಳದಿ ಹಲ್ಲು ತೋರಿಸಿ, ಕಣ್ಣು ಅರೆಮುಚ್ಚಿ ಆಕಾಶಕ್ಕೆ ಮುಖ ಮಾಡಿ ನಿಂತ.

"ಆತು, ಆರಿಸಿದ!" ಎಂದ ಚಾಚಾ. "ಈಗ ಮೂರು ಮಾತು ತಲ್ಯಾಗ ಇಟ್ಟಕೋ. ಒಂದು ಚಮಚ ಎಳ್ಳೆಣ್ಣಿಗೆ ಒಂದೇ ಹನಿ. ಮೈಗೆ ಬಳಿಯಬ್ಯಾಡ, ಅರಿವಿ ತುಂಡಿಗೆ ಹಚ್ಚಿ ಮೂಗಿನ ಮುಂದ ಹಿಡಿ. ಮೂರನೇದು ಖರೆ ವಿದ್ಯಾ. ದೂರದಾಗ ಹಲಗಿ ಬಾರಿಸು ಅನ್ನು, ಆವಾಗ ವಾಸನಿ ತೋರಸು. ದಿನಾ ನಾಕ ಹೆಜ್ಜಿ ಹಲಗಿ ಹತ್ರ ತಗೊಂಡು ಬಾ. ತಿಳೀತಾ?"

ಹೊಳಬಸಪ್ಪನಿಗೆ ತಿಳಿಯಿತು. ಆದರೆ ಮೂರನೆಯ ಮಾತು ಅವನಿಗೆ ರುಚಿಸಲಿಲ್ಲ. ನೀಲಪ್ಪನನ್ನು ದಿನಾ ಕರೆಯಬೇಕು, ಚಹಾ ಕುಡಿಸಬೇಕು. ಅದೂ ಹೋಗಲಿ, ಕುದುರೆ ಎರಡು ಕಾಲ ಮೇಲೆ ನಿಂತಾಗ ಹಗ್ಗ ಹಿಡಿದವನು ಕೆಳಗಿರಬೇಕು. ಸರಕಾರಕ್ಕೆ ಹೆದರದ ಹೊಳಬಸಪ್ಪ ಲಾಳಕ್ಕೆ ಹೆದರುತ್ತಿದ್ದ. "ಹಲಗಿ ಆಮ್ಯಾಲ ನೋಡೋಣು. ಮೊದಲ ವಾಸನಿ ರೂಢಿ ಆಗ್ಲಿ" ಎಂದುಕೊಂಡು ತನ್ನದೇ ಒಂದು ಪದ್ಧತಿ ಹಚ್ಚಿದ.

ಆ ಪದ್ಧತಿ ಬಹಳ ಸುಖದ್ದು. ಸಂಜೆ ಟಾಂಗಾ ಮನೆಗೆ ಬರುತ್ತಿತ್ತು. ಹಿತ್ತಲಲ್ಲಿ ನಿಲ್ಲಿಸಿ ಹೊಳಬಸಪ್ಪ ಅರಿವೆ ತುಂಡು ದಿಲ್ದಾರನ ಮೂಗಿಗೆ ಹಿಡಿಯುತ್ತಿದ್ದ. ಹಿಡಿದುಕೊಂಡೇ ಪಟ್ಟಿ, ಲಗಾಮು ಎಲ್ಲ ಬಿಚ್ಚುತ್ತಿದ್ದ. ಬಿಚ್ಚಿದ ಕೂಡಲೇ ದಿಲ್ದಾರ, ಎಲ್ಲ ಟಾಂಗಾ ಕುದುರೆಗಳ ಹಾಗೆ, ಹಿತ್ತಲ ಮೆತ್ತನೆಯ ಧೂಳಿನಲ್ಲಿ ಮೊಣಕಾಲೂರಿ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ ಆ ಕಡೆ ಈ ಕಡೆ ಹೊರಳಾಡಿ ದಣಿವು ಕಳೆಯುತ್ತಿದ್ದ. ಎದ್ದು ಮೈ ಕೊಡವಿದ ಮೇಲೆ ನೆನೆಸಿದ ಹುರುಳಿ. ಹೀಗೆ ದಿನಾ, ತಪ್ಪದೆ, ಮೂವತ್ತು ದಿನ.

"ನೋಡು, ನೋಡು! ವಾಸನಿ ಬಡಿದ ಕೂಡ್ಲೇ ಕಿವಿ ಹೆಂಗ ಜೋತು ಬಿಟ್ಟೈತಿ!"

"ಹತ್ತು ತಾಸು ಟಾಂಗಾ ಎಳದೈತ್ರಿ ಅದು. ನಿಮ್ಮನ್ನ ಹೂಡಿದ್ರ ನಿಮ್ಮ ಕಿವಿನೂ ಜೋತು ಬೀಳ್ತಾವ. ಹಲಗಿ ಎಲ್ಲೈತಿ? ಚಾಚಾ ಹಲಗಿ ಬಾರಸು ಅಂದಿದ್ದಿಲ್ಲೇನು?"

"ನಿನಗ ಶಾಸ್ತ್ರ ತಿಳಿಯೂದಿಲ್ಲ, ಸುಮ್ನಿರು!"

ಶಾಸ್ತ್ರದ ಅಡ್ಡ ಪರಿಣಾಮಗಳೂ ಇದ್ದವು. ಹೊಳಬಸಪ್ಪನ ಅಂಗಿ, ಧೋತ್ರ, ಟೊಪ್ಪಿಗೆ ಎಲ್ಲ ಘಮಘಮಿಸತೊಡಗಿದವು. ಪಕ್ಕದ ಮನೆಯ ಬಸಲಿಂಗವ್ವ ಒಂದು ದಿನ ನೀರಿನ ಕೊಡ ಇಳಿಸಿ, ಅತ್ತಿತ್ತ ನೋಡಿ, "ಯವ್ವಾ ಗುರುಲಿಂಗವ್ವಾ, ಹೇಳಬಾರದು, ಆದರ ಹೇಳದ ಇರಾಕ ಆಗವಲ್ದು. ನಿನ್ನ ಗಂಡ ಅತ್ತರ ಹಚಗೊಂಡು ಅಡ್ಡ್ಯಾಡಾಕತ್ತಾನ. ಯಾವಾಕಿ ಅಂತ ಒಂದೀಟು ವಿಚಾರ ಮಾಡು" ಎಂದಳು.

"ವಿಚಾರ ಮಾಡೇನಿ ತಗೋಳವ್ವಾ. ನಾಕ ಕಾಲು, ಉದ್ದನ ಬಾಲ. ಹಿತ್ತಲದಾಗೇ ಕಟ್ಟೇವಿ" ಎಂದು ಗುರುಲಿಂಗವ್ವ ತನ್ನ ಕೊಡ ಎತ್ತಿಕೊಂಡಳು. "ಲಗ್ನ ಆಗಿ ಹದಿನೆಂಟು ವರ್ಷಾತು, ನನ್ನ ಮೂಗಿಗೆ ಒಂದು ದಿನ ಹಿಡದಿಲ್ಲ ಬಿಡು!"

ಲಗ್ನದ ಹಿಂದಿನ ದಿನ ನಸುಕಿನಲ್ಲಿ ಟಾಂಗಾ ಹೊರಟಿತು. ಅಮೀನಗಡದಲ್ಲಿ ಕುದುರೆಗೆ ನೀರು, ಹೆಂಡತಿಗೆ ಕರದಂಟು, ಗಂಡನಿಗೆ ಹೆಂಡತಿಯ ಬಾಯಿಂದ ಪ್ರಶ್ನೆಗಳು. "ಖರೆ ಹೇಳ್ರಿ. ಒಂದು ದಿನಾನಾದ್ರೂ ಹಲಗಿ ಕೇಳಿಸೀರೇನು?" ಹೊಳಬಸಪ್ಪ ರಸ್ತೆ ನೋಡುತ್ತ ಚಾವಟಿ ಸರಿಮಾಡಿಕೊಂಡ. ಗುರುಲಿಂಗವ್ವನ ಕೈಯ ಕರದಂಟು ಕೈಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಗುಡಿಯ ಮುಂದೆ ಮೆರವಣಿಗೆ ಸಜ್ಜಾಯಿತು. ಬಾಸಿಂಗ ಕಟ್ಟಿದ, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದ ಶಂಕ್ರಪ್ಪ, ಜೀನು ಹಾಕಿದ ದಿಲ್ದಾರನ ಮೇಲೆ ಕೂತ. ಮುಂದೆ ಹದಿನಾಲ್ಕು ಜನರ ಬ್ಯಾಂಡ್ ಸೆಟ್ಟು. ಹಿಂದೆ, ಎಲ್ಲರ ಹಿಂದೆ, ಹೂವು ಕಟ್ಟಿದ ಒಂದು ಜೀಪು!

"ಇದ್ಯಾಕ ಬಂತು ಕಾಶಪ್ಪನವರ?" ಎಂದ ಹೊಳಬಸಪ್ಪ.

"ಇರ್ಲಿ ಬಿಡ್ರಿ ಅಳಿಯಂದ್ರ. ಸುಮ್ನ ಹಿಂದ ಹಿಂದ ಬರ್ತೈತಿ" ಎಂದು ಕಾಶಪ್ಪ ನಕ್ಕ. ಆ ನಗು ಗುರುಲಿಂಗವ್ವನ ಎದೆಗೆ ಮುಳ್ಳಿನ ಹಾಗೆ ನಾಟಿತು.

ಬ್ಯಾಂಡಿನ ದೊಡ್ಡ ಡ್ರಮ್ಮು ಧಡಲ್ ಎಂದಿತು. ದಿಲ್ದಾರನ ಕಿವಿ ನೆಟ್ಟಗಾದವು, ಮೈ ನಡುಗಿತು, ಮುಂಗಾಲು ನೆಲ ಬಿಡತೊಡಗಿದವು. "ಮಾಮಾ!" ಎಂದು ಮದುಮಗ ಕೂಗಿದ. ಹೊಳಬಸಪ್ಪ ಒಂದು ಹನಿಯ ಲೆಕ್ಕವನ್ನೆಲ್ಲ ಗಾಳಿಗೆ ತೂರಿ, ಜೇಬಿನ ಅತ್ತರದ ಬಾಟಲಿಯನ್ನು ಅರಿವೆಯ ಮೇಲೆ ಅರ್ಧ ಸುರಿದು ಕುದುರೆಯ ಮೂಗಿಗೆ ಒತ್ತಿ ಹಿಡಿದ.

ಏನು ಹೇಳಲಿ! ದಿಲ್ದಾರ ಮೂಸಿದ. ಕಿವಿ ಜೋತುಬಿದ್ದವು. ಮುಂಗಾಲು ನೆಲಕ್ಕೆ ಬಂದವು. ಡ್ರಮ್ಮು ಧಡಲ್ ಧಡಲ್ ಎನ್ನುತ್ತಿದ್ದರೂ ಸಂತನ ಹಾಗೆ ಹೆಜ್ಜೆ ಹಾಕತೊಡಗಿದ!

"ಏನಂತೀರಿ ಕಾಶಪ್ಪನವರ? ಜೀಪಿನವಗ ಮನಿಗೆ ಹೋಗು ಅನ್ರಿ! ಡೀಜಲ್ ಯಾಕ ಸುಡಬೇಕು?" ಹೊಳಬಸಪ್ಪನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು. ದಾರಿಯಲ್ಲಿ ದಿಲ್ದಾರ ಎರಡು ಸಲ ನಿಂತು ತಿರುಗಿ ತನ್ನ ಹೊಟ್ಟೆಪಟ್ಟಿಯನ್ನೂ ಯಜಮಾನನ ಮುಖವನ್ನೂ ನೋಡಿದ. "ನೋಡು, ನನ್ನ ಉಪಕಾರ ನೆನಸಾಕತ್ತೈತಿ" ಎಂದ ಹೊಳಬಸಪ್ಪ ಹೆಂಡತಿಗೆ. ಗುರುಲಿಂಗವ್ವನ ಮುಖ ಬಿಳಿಚಿಕೊಂಡಿತು.

"ಅಯ್ಯ, ಅದು ಉಪಕಾರ ಅಲ್ರೀ! ಬಿಚ್ಚೂದು ಯಾವಾಗ ಅಂತ ಕೇಳಾಕತ್ತೈತಿ! ತಮ್ಮಾ ಶಂಕ್ರೂ, ಇಳಿ, ಲಗೂನ ಇಳಿ!"

ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಮೆರವಣಿಗೆ ಬಣ್ಣಗಾರರ ಓಣಿಗೆ ಹೊರಳಿತ್ತು. ನೂಲಿಗೆ ಬಣ್ಣ ಕುದಿಸುವ ಒಲೆಗಳ ಬೂದಿಯನ್ನೆಲ್ಲ ಆ ಓಣಿಯವರು ರಸ್ತೆ ಬದಿಗೆ ಗುಂಪಿ ಹಾಕುತ್ತಾರೆ. ಬೆಳ್ಳಗೆ, ನುಣ್ಣಗೆ, ಮೆತ್ತಗೆ, ಅರಮನೆಯ ಹಾಸಿಗೆಯ ಹಾಗೆ ಮೊಣಕಾಲುದ್ದ ಹರಡಿದ ಬೂದಿ. ಬಿಚ್ಚುವ ವಾಸನೆ ಮೂಗಿನಲ್ಲಿ, ಹೊರಳಾಡುವ ಜಾಗ ಕಣ್ಣ ಮುಂದೆ. ಯಜಮಾನ ಮರೆತರೇನಂತೆ, ದಿನದ ನೇಮ ತಪ್ಪಬಾರದು! ದಿಲ್ದಾರ ಮೊಣಕಾಲೂರಿದ.

"ಯಪ್ಪೋ!" ಎಂದು ಶಂಕ್ರಪ್ಪ ಕುದುರೆಯ ಕುತ್ತಿಗೆ ಮೇಲಿಂದ ಜಾರಿ ಬೂದಿಯ ಗುಂಪಿಗೆ ತಲೆ ಕೆಳಗಾಗಿ ಹೋದ. ಡ್ರಮ್ಮಿನವನು ಕೋಲು ಬಿಸಾಕಿ ಅವನ ಎರಡೂ ಕಾಲು ಹಿಡಿದು ಎಳೆಯದಿದ್ದರೆ ದಿಲ್ದಾರ ಅವನ ಮೇಲೇ ಹೊರಳುತ್ತಿದ್ದ. ಹೊರಳಿದ ನೋಡಿ! ನಾಲ್ಕೂ ಕಾಲು ಆಕಾಶಕ್ಕೆ. ಆ ಕಡೆ ಒಂದು, ಈ ಕಡೆ ಒಂದು. ಬೂದಿಯ ಮೋಡ ಎದ್ದು ಬ್ಯಾಂಡಿನವರು, ಕಳಸದ ಹೆಂಗಸರು, ಹೂವಿನ ಜೀಪು ಎಲ್ಲ ಮಾಯವಾದವು. ಮೋಡ ಇಳಿದಾಗ ಮದುಮಗ ಕಂಡ. ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿ ಹತ್ತಿದವನು ಅಡಿಯಿಂದ ಮುಡಿಯ ತನಕ ಬಳಿದುಕೊಂಡು ಇಳಿದಿದ್ದ. ಸಂಸಾರಕ್ಕೆ ಕಾಲಿಡುವ ಮೊದಲೇ ಸನ್ಯಾಸ!

ಇಷ್ಟಕ್ಕೇ ಮುಗಿಯಲಿಲ್ಲ. ಹೊರಳಿದ ಮೇಲೆ ಹುರುಳಿ ಬೇಕಲ್ಲ? ದಿಲ್ದಾರ ಎದ್ದು ಮೈ ಕೊಡವಿ ಮೂಗು ಎತ್ತಿದ. ಓಣಿಯ ತುದಿಯ ಚಪ್ಪರದಲ್ಲಿ ಬೀಗರು ಸಾಲಾಗಿ ನಿಂತಿದ್ದರು. ಅವರ ಮುಂಗೈಗೆಲ್ಲ ಆಗತಾನೆ ಅತ್ತರ ಹಚ್ಚಿತ್ತು. ಯಾವ ಅತ್ತರ? ಬೇಸಿಗೆಗೆ ತಂಪು ಎಂದು ಹೊಳಬಸಪ್ಪನೇ ಜಲಾಲುದ್ದೀನ ಚಾಚಾನ ಅಂಗಡಿಯಿಂದ ತಂದು ಲಗ್ನಕ್ಕೆ ಉಡುಗೊರೆ ಕೊಟ್ಟ ಲಾವಂಚ! ದಿಲ್ದಾರ ಮದುಮಗನಿಲ್ಲದೆ ಒಬ್ಬನೇ ದಿಬ್ಬಣ ಹೊರಟ. ಚಪ್ಪರ ಹೊಕ್ಕು ಒಬ್ಬೊಬ್ಬ ಬೀಗರ ಕೈಯನ್ನೂ ಮೂಸಿ, ನೆಕ್ಕಿ, ಹುರುಳಿ ಕಾಣದೆ ಮುಂದಿನವರ ಕಡೆಗೆ ನಡೆದ.

ಕಾಶಪ್ಪ ಬೂದಿ ಉಗುಳುತ್ತ ಬಂದು, "ಗುರುಲಿಂಗೀ! ಏನು ಅಂದಿದ್ದಿ ನೀ? ಹನ್ನೊಂದು ಮಂದಿ ಮುಂದ ಏನು ಅಂದಿದ್ದಿ?" ಎಂದು ಕೂಗಿದ.

ಹೊಳಬಸಪ್ಪ ಭಾಷಣಕ್ಕೆ ಬಾಯಿ ತೆರೆದ, ಬೂದಿ ಹೊಕ್ಕು ಕೆಮ್ಮು ಬಂತು. ಗುರುಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಡುವಿಗೆ ಕೈಯಿಟ್ಟು ನಿಂತಳು.

"ಬಾಜಾಕ್ಕ ಹೆದರೂದಿಲ್ಲ ಅಂದಿದ್ದೆ. ಹೆದರೈತೇನು? ಹದಿನಾಲ್ಕು ಮಂದಿ ಕಿವಿ ಹರಿಯೂ ಹಂಗ ಊದಾಕತ್ತಿದ್ರು. ಅವರ ಮುಂದ ಮಲಗಿ ಕಾಲ ಮ್ಯಾಲ ಮಾಡಿ ಹೊರಳಾಡೇತಿ! ಇದಕ್ಕಿಂತ ಧೈರ್ಯದ ಕುದರಿ ನಿನ್ನ ಜಲ್ಮದಾಗ ನೋಡಿಯೇನು? ನಿನ್ನ ಜೀಪು ಮಲಗಸು ನೋಡೋಣು!"

ಮೊದಲು ನಕ್ಕವಳು ಹೆಣ್ಣಿನ ಅಜ್ಜಿ ಸಿದ್ದವ್ವ. ಅವಳ ಕೈಯನ್ನು ದಿಲ್ದಾರ ಇನ್ನೂ ನೆಕ್ಕುತ್ತಿದ್ದ. "ಏನ್ ರೀತಿವಂತ ಕುದರಿಯವ್ವಾ! ದಾರ್‍ಯಾಗ ಉರುಳುಸೇವಾ ಮಾಡಿ, ಬೀಗರ ಕೈ ಮುಟ್ಟಿ ನಮಸ್ಕಾರ ಮಾಡಾಕತ್ತೈತಿ. ಇವನ್ಯಾರು ಬಂದಾಂವ, ಮದುಮಗನೋ ಅಯ್ಯನೋ? ಒಂದೆರಡು ಕೊಡ ನೀರು ಹಾಕಿ ತೊಳೀರಿ, ಮುಹೂರ್ತ ಮೀರತೈತಿ!" ಒಳಗೆ ಕೂತ ಮದುಮಗಳು ಕಿಸಕ್ಕನೆ ನಕ್ಕಳು. ಅವಳು ನಕ್ಕ ಮೇಲೆ ಸಿಟ್ಟು ಮಾಡುವ ಧೈರ್ಯ ಯಾರಿಗಿತ್ತು? ಕಾಶಪ್ಪನೂ ನಕ್ಕ, ಹಲ್ಲಿನ ತುಂಬ ಬೂದಿ.

ಗುರುಲಿಂಗವ್ವ ಚಪ್ಪರಕ್ಕೆ ಹೋಗಿ ದಿಲ್ದಾರನ ಹೊಟ್ಟೆಪಟ್ಟಿ ಬಿಚ್ಚಿ, ಅಡುಗೆಯವರ ಹತ್ತಿರ ಒಂದು ಬೊಗಸೆ ಕಡಲೆ ಇಸಿದುಕೊಂಡು ತಿನ್ನಿಸಿದಳು. ಕುದುರೆ ತೆಪ್ಪಗೆ ಅವಳ ಹಿಂದೆ ನಡೆಯಿತು. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿತ್ತು, ಊಟವಾಯಿತು. ಎಲೆ ಅಡಿಕೆ ಹಾಕಿಕೊಳ್ಳುವಾಗ ಸಿದ್ದವ್ವ ಕಾಶಪ್ಪನಿಗೆ ಹೇಳಿದಳು: "ಬರೂ ತಿಂಗಳ ನನ್ನ ಮೊಮ್ಮಗನ ಲಗ್ನ ಐತಿ. ಜೀಪು ಬ್ಯಾಡ, ಈ ಕುದರೀನ ಬರ್ಲಿ. ಹಿಡಿಯಾಕ ನಿಮ್ಮ ತಂಗೀನ ಬರ್ಲಿ."

ತವರಿನ ಹೊಸ್ತಿಲು ಉಳಿಯಿತು. ಗುರುಲಿಂಗವ್ವನ ತಲೆ ಚಪ್ಪರಕ್ಕೆ ತಾಗುವಷ್ಟು ಎತ್ತರವಾಯಿತು. ಹೊಳಬಸಪ್ಪ ಮೆಲ್ಲಗೆ ಅವಳ ಪಕ್ಕಕ್ಕೆ ಸರಿದ.

"ಮತ್ತ ನಾ?" ಎಂದ. "ಇಷ್ಟೆಲ್ಲಾ ವಿದ್ಯಾ ಕಲಿಸಿದಾಂವ ನಾ. ನನಗೇನು ಕೆಲಸ?"

ಗುರುಲಿಂಗವ್ವ ಅವನ ಟೊಪ್ಪಿಗೆಯ ಬೂದಿ ಝಾಡಿಸಿ, ಮತ್ತೆ ತಲೆಗೆ ಇಟ್ಟು ಹೇಳಿದಳು:

"ನೀವೂ ಬರ್ರಿ. ಕಸಬರಿಗಿ ಹಿಡಕೊಂಡು ಎಲ್ಲಾರಕಿಂತ ಮುಂದ ನಡೀರಿ. ಎಲ್ಲಿ ಬೂದಿ ಕಾಣ್ತೈತೋ ಅಲ್ಲಿ ಗುಡಸ್ರಿ!"